ಹೃದಯದ ಮಾತು – 23: ಒಂದು ಗುಟುಕಿನ 'ಎನರ್ಜಿ', ಇಡೀ ರಾತ್ರಿಯ ಸಾಲ



ಚಾಕಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ, ವಿಜಯಪುರ ಕಡೆಯ 24 ವರ್ಷದ ಹುಡುಗನನ್ನು ಅವನ ತಂದೆ ನನ್ನ ಬಳಿ ಕರೆತಂದಿದ್ದರು.

"ಎದಿ ಢವಢವ ಅಂತದ್ರೀ ಸರ್, ನಿದ್ದಿನೂ ಬರವಲ್ದು" ಎಂದ ಹುಡುಗ.

"ನಮ್ಮ ಹುಡುಗ ಕುಡಿಯಂಗಿಲ್ರೀ, ಬೀಡಿ ಸಿಗರೇಟು ಮುಟ್ಟಂಗಿಲ್ರೀ" ಎಂದರು ತಂದೆ.

ನಾಡಿ ನಿಮಿಷಕ್ಕೆ 118. ಬಿಪಿಯೂ ಏರಿತ್ತು. ಇಸಿಜಿಯಲ್ಲಿ ವೇಗ ಬಿಟ್ಟರೆ ಬೇರೆ ದೋಷವಿಲ್ಲ, ಥೈರಾಯ್ಡ್ ಕೂಡ ಸರಿಯಾಗಿತ್ತು. ಪಾಳಿಯಲ್ಲಿ ಎಚ್ಚರವಾಗಿರಲು ಏನು ತಗೋತೀಯಪ್ಪಾ ಎಂದು ಕೇಳಿದೆ. ಎರಡು ಬಾಟಲಿ ಎನರ್ಜಿ ಡ್ರಿಂಕ್, ಮೂರು ಕಪ್ ಚಹಾ, ಜಿಮ್‌ಗೆ ಹೋಗುವ ಮುಂಚೆ ಗೆಳೆಯ ಕೊಡುವ ಪುಟ್ಟ ಬಾಟಲಿಯ 'ಶಾಟ್'. ತಂದೆಗೂ ಇದು ಗೊತ್ತಿತ್ತು. ಅವರು ಅದನ್ನು ಜ್ಯೂಸ್ ಎಂದುಕೊಂಡಿದ್ದರು. ಇಂದಿನ ಲೇಖನ ಅಂಥ ತಂದೆ ತಾಯಿಯರಿಗಾಗಿ.

*ಬಾಟಲಿಯಲ್ಲಿ ಏನಿದೆ?*

ಕೆಲಸ ಮಾಡುವ ವಸ್ತು ಒಂದೇ: ಕೆಫೀನ್. ನಮ್ಮ ಕಾಫಿ, ಚಹಾದಲ್ಲಿ ಇರುವುದೂ ಅದೇ. ಲೇಬಲ್ ಮೇಲೆ ಗೌರಾನಾ ಎಂದು ಕಂಡರೆ ಅದು ಕೆಫೀನ್ ಇರುವ ಬೀಜವೇ. ಟಾರಿನ್ ನಮ್ಮ ದೇಹವೇ ತಯಾರಿಸಿಕೊಳ್ಳುವ ವಸ್ತು. ಬಿ ವಿಟಮಿನ್‌ಗಳ ಕೊರತೆ ಇಲ್ಲದವರಿಗೆ ಅವನ್ನು ಇನ್ನಷ್ಟು ಸುರಿದರೆ ಹೆಚ್ಚಿನ ಶಕ್ತಿ ಬರುವುದಿಲ್ಲ. ದೊಡ್ಡ ಕ್ಯಾನ್‌ಗಳಲ್ಲಿ ಸಕ್ಕರೆಯೂ ಉಂಟು. ಕೆಲವು ಬ್ರಾಂಡ್‌ಗಳ 250 ಮಿ.ಲೀ. ಕ್ಯಾನ್‌ನಲ್ಲಿ ಸುಮಾರು 27 ಗ್ರಾಂ, ಅಂದರೆ ಐದಾರು ಚಮಚ.

'ಶಾಟ್' ಎಂದರೆ ಒಂದೇ ಗುಟುಕಿಗೆ ಮುಗಿಯುವ 60 ಮಿ.ಲೀ. ಬಾಟಲಿ. ಅಮೆರಿಕದಲ್ಲಿ ಇದನ್ನು ಮನೆಮಾತು ಮಾಡಿದ '5-ಅವರ್ ಎನರ್ಜಿ' 2004ರಲ್ಲಿ ಬಂತು. ಅದರ ಸ್ಥಾಪಕ ಮನೋಜ್ ಭಾರ್ಗವ ಲಖನೌದಲ್ಲಿ ಹುಟ್ಟಿದವರು. ಅದರ ಒಂದು ಪುಟ್ಟ ಬಾಟಲಿಯಲ್ಲಿ ಸುಮಾರು 200 ಮಿ.ಗ್ರಾಂ ಕೆಫೀನ್ ಇರುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೆಫೀನ್ ಪಾನೀಯಗಳಿಗೆ ಹಾಕಿರುವ ಮಿತಿ ಲೀಟರಿಗೆ 300 ಮಿ.ಗ್ರಾಂ. ಆ ಲೆಕ್ಕದಲ್ಲಿ 60 ಮಿ.ಲೀ.ಗೆ ಬರುವುದು ಬರೀ 18 ಮಿ.ಗ್ರಾಂ! ಅಮೆರಿಕದಿಂದ ಬಂದ ನೆಂಟರ ಬ್ಯಾಗಿನಲ್ಲಿ, ಆನ್‌ಲೈನ್ ಪಾರ್ಸೆಲ್‌ನಲ್ಲಿ ಅಂಥ ಬಾಟಲಿ ಬಂದರೆ ಈ ವ್ಯತ್ಯಾಸ ನೆನಪಿರಲಿ.

*ಇದರಿಂದ ಶಕ್ತಿ ಬರುತ್ತದೆಯೇ?*

ಇಲ್ಲ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. 'ಸಾಕು, ಮಲಗು' ಎಂದು ಹೇಳುವುದು ಅದು. ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂರುತ್ತದೆ. ದಣಿವು ಹಾಗೇ ಇರುತ್ತದೆ, ದಣಿವಿನ ಸುದ್ದಿ ಮಾತ್ರ ನಿಲ್ಲುತ್ತದೆ. ಮನೆ ಬಾಗಿಲಿಗೆ ಬಂದ ಸಾಲಗಾರನನ್ನು 'ನಾಳೆ ಬಾ' ಎಂದು ಕಳಿಸಿದ ಹಾಗೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕಡಿಮೆಯಾಗಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ 200 ಮಿ.ಗ್ರಾಂ ಕುಡಿದರೆ ರಾತ್ರಿ 11ಕ್ಕೂ ಸುಮಾರು 100 ಮಿ.ಗ್ರಾಂ ದೇಹದಲ್ಲೇ ಇರುತ್ತದೆ. ನಿದ್ದೆ ಕೆಡುತ್ತದೆ, ಮರುದಿನ ಇನ್ನೊಂದು ಬಾಟಲಿ ಬೇಕಾಗುತ್ತದೆ. ಈ ಚಕ್ರವೇ ಇದರ ಆಕರ್ಷಣೆಯ ಗುಟ್ಟು. ಜೊತೆಗೆ ಟಪರಿಯಲ್ಲಿ 20 ರೂಪಾಯಿಗೆ ಸಿಗುವ ಬಾಟಲಿ, ಹತ್ತಿರ ಬಂದ ಪರೀಕ್ಷೆ, ಹಿಂಜವಡಿಯ ರಾತ್ರಿ ಕೆಲಸ.

*ಹೃದಯಕ್ಕೆ ಏನಾಗುತ್ತದೆ?*

ನಾಡಿ ಮತ್ತು ಬಿಪಿ ಏರಬಹುದು. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 34 ಆರೋಗ್ಯವಂತ ತರುಣ ತರುಣಿಯರಿಗೆ ಸುಮಾರು ಒಂದು ಲೀಟರ್ ಎನರ್ಜಿ ಡ್ರಿಂಕ್ ಕೊಟ್ಟು ನೋಡಿದರು. ಬಿಪಿ 4-5 ಅಂಕ ಏರಿತು. ಇಸಿಜಿಯಲ್ಲಿ ನಾವು 'ಕ್ಯೂಟಿ' ಎನ್ನುವ ಅಂತರವೂ ಸ್ವಲ್ಪ ಹೆಚ್ಚಾಯಿತು. ಗಟ್ಟಿ ಹೃದಯ ಇದನ್ನು ತಡೆದುಕೊಳ್ಳುತ್ತದೆ. ಆದರೆ ಹುಟ್ಟಿನಿಂದಲೇ ಲಾಂಗ್ ಕ್ಯೂಟಿ ಇರುವವರಿಗೆ, ಹೃದಯದ ಸ್ನಾಯು ದಪ್ಪವಾಗಿರುವವರಿಗೆ ಇದು ಅಪಾಯ. ಅಂಥವರಲ್ಲಿ ಹಲವರಿಗೆ ತಮಗೆ ಆ ದೋಷ ಇದೆಯೆಂದೇ ಗೊತ್ತಿರುವುದಿಲ್ಲ.

*ಮನೆಯಲ್ಲೇ ಲೆಕ್ಕ ಹಾಕಿ*

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ದಿನಕ್ಕೆ 300 ಮಿ.ಗ್ರಾಂ ಕೆಫೀನ್ ಮೀರಬಾರದು. ಒಂದು ಕಪ್ (150 ಮಿ.ಲೀ.) ಫಿಲ್ಟರ್ ಕಾಫಿಯಲ್ಲಿ 80-120, ಇನ್‌ಸ್ಟಂಟ್ ಕಾಫಿಯಲ್ಲಿ 50-65, ಚಹಾದಲ್ಲಿ 30-65 ಮಿ.ಗ್ರಾಂ ಇರುತ್ತದೆ. ಇಲ್ಲಿ ಸಿಗುವ 250 ಮಿ.ಲೀ. ಎನರ್ಜಿ ಡ್ರಿಂಕ್‌ನಲ್ಲಿ ಹೆಚ್ಚೆಂದರೆ 75.

ನಮ್ಮ ಹುಡುಗನ ಲೆಕ್ಕ ನೋಡಿ: ಎರಡು ಬಾಟಲಿಗೆ 150, ಚಹಾಕ್ಕೆ ಸುಮಾರು 130, ಶಾಟ್‌ನ ಲೇಬಲ್ ಮೇಲೆ 200. ಒಟ್ಟು 480. ಬಿಸಿ ಕಾಫಿಯನ್ನು ನಾವು ನಿಧಾನವಾಗಿ ಹೀರುತ್ತೇವೆ. ಶಾಟ್ ಎರಡು ಲೋಟ ಕಾಫಿಯ ಕೆಫೀನನ್ನು ಒಂದೇ ಕ್ಷಣದಲ್ಲಿ ಇಳಿಸುತ್ತದೆ.

*ಯಾರು ಮುಟ್ಟಲೇಬಾರದು?*

🔴 ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು (ಈ ಎಚ್ಚರಿಕೆ ಬಾಟಲಿಯ ಮೇಲೇ ಇರುತ್ತದೆ, ಅಕ್ಷರ ಮಾತ್ರ ಸಣ್ಣದು)
🔴 ಬಿಪಿ, ಹೃದ್ರೋಗ, ಥೈರಾಯ್ಡ್ ಹೆಚ್ಚಳ, ಮೂರ್ಛೆ ರೋಗ ಇರುವವರು
🔴 ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ. ಅಂಥವರು ಒಮ್ಮೆ ಇಸಿಜಿಯನ್ನೂ ಮಾಡಿಸಿಕೊಳ್ಳಿ
🔴 ಮದ್ಯದ ಜೊತೆ ಯಾರೂ ಬೇಡ. ನಶೆ ಏರಿದ್ದೇ ತಿಳಿಯದೆ ಇನ್ನಷ್ಟು ಕುಡಿಯುತ್ತಾರೆ

ಶಾಲೆಗಳಿಂದ 500 ಮೀಟರ್ ಒಳಗೆ ಹೆಚ್ಚು ಕೆಫೀನ್ ಇರುವ ಪಾನೀಯಗಳ ಮಾರಾಟ ನಿಷೇಧಿಸುವುದಾಗಿ ಮಹಾರಾಷ್ಟ್ರ ಸರ್ಕಾರ 2024ರ ಜುಲೈನಲ್ಲಿ ಹೇಳಿತು. ಆದರೆ ಮಗನ ಬ್ಯಾಗಿನಲ್ಲಿ ಏನಿದೆ ಎಂದು ನೋಡಬೇಕಾದವರು ನಾವೇ.

*ಈಗಾಗಲೇ ರೂಢಿಯಾಗಿದ್ದರೆ?*

ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನ ತಲೆನೋವು, ಸಿಡುಕು ಬರಬಹುದು. ಒಂದೆರಡು ವಾರದಲ್ಲಿ ನಿಧಾನವಾಗಿ ಇಳಿಸಿ. ರಾತ್ರಿ ಪಾಳಿಯವರು ಕೆಲಸಕ್ಕೆ ಮುಂಚೆ ಅರ್ಧ ಗಂಟೆ ಮಲಗಿ, ಚಹಾ ಪಾಳಿಯ ಮೊದಲರ್ಧದಲ್ಲೇ ಮುಗಿಸಿ, ಹಗಲು ಕತ್ತಲೆ ಕೋಣೆಯಲ್ಲಿ ನಿದ್ದೆ ಮಾಡಿ. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಎದೆಬಡಿತ ಲಯ ತಪ್ಪಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ನಾನೂ ಎಂ.ಡಿ. ಓದುವಾಗ ರಾತ್ರಿ ಡ್ಯೂಟಿಯಲ್ಲಿ ಕಾಫಿ ಮೇಲೆ ಕಾಫಿ ಕುಡಿದವನೇ. ಆದ್ದರಿಂದ ಆ ಹುಡುಗನನ್ನು ಬೈಯಲಿಲ್ಲ, ಲೆಕ್ಕ ಬರೆದು ಕೊಟ್ಟೆ. ಮೂರು ವಾರದ ನಂತರ ಬಂದಾಗ ನಾಡಿ 80 ಇತ್ತು, ಮಾತ್ರೆಯೇ ಬೇಕಾಗಲಿಲ್ಲ. ಮನೆಯಲ್ಲಿ ಅವನು ಮಲಗಿದಾಗ ಟಿವಿ ಹಚ್ಚುವುದನ್ನು ಬಿಟ್ಟಿದ್ದೇವೆ ಎಂದರು ಅವನ ತಂದೆ. ಔಷಧಿ ಅದೇ ಆಗಿತ್ತು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನು ಕೇಳಿ: "ಎಚ್ಚರ ಇರೋಕೆ ಏನು ಕುಡೀತೀಯಪ್ಪಾ?" ಗದರಬೇಡಿ, ಲೇಬಲ್ ಅನ್ನು ಒಟ್ಟಿಗೆ ಕೂತು ಓದಿ.

ಊರಲ್ಲಿರುವ, ಪರವೂರಲ್ಲಿರುವ ನಮ್ಮವರಿಗೂ ಇದನ್ನು ಕಳಿಸಿ. ಈ ಲೇಖನ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಗೆ ನಿಮ್ಮ ವೈದ್ಯರನ್ನು ಕಾಣಿ.

– ನಿಮ್ಮ ಹೃದ್ರೋಗ ವೈದ್ಯ, ಪುಣೆ