ಬೆಳ್ಳಗಿರುವುದೆಲ್ಲ ಹಾಲಲ್ಲ

ನಾಣ್ಯ ಕೂಡಿಡುವ ಗೆಳೆಯರೇ, ಲ್ಯಾಟಿನ್ ಅಮೆರಿಕದ ‘ಮಕುಕಿನಾ’ ನಾಣ್ಯಗಳ ಬೆನ್ನು ಹತ್ತುವ ಮುನ್ನ ಈ ಮಾತು ಕೇಳಿ. ಬೆಳ್ಳಿಯನ್ನು ತೂಕಕ್ಕೆ ತಕ್ಕಂತೆ ಕತ್ತರಿಸಿ, ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದು ಮಾಡಿದವು ಇವು. ಅಂಚು ಸೊಟ್ಟ, ಮುದ್ರೆ ಅರ್ಧಂಬರ್ಧ. ಅದೇ ಇವುಗಳ ಚೆಲುವು.

ಅಲ್ಲಿ ಸ್ಪೇನಿನ ಆಳ್ವಿಕೆ ಕಳಚಿದ ಮೇಲೂ ಇವು ಮರೆಯಾಗಲಿಲ್ಲ. 1820ರ ದಶಕದಲ್ಲಿ ಅರ್ಜೆಂಟೀನಾದ ಟುಕುಮಾನ್‌ನಲ್ಲಿ ಪೊಟೊಸಿ ಟಂಕಸಾಲೆಯ ಹಳೆಯ ನಾಣ್ಯಗಳನ್ನೇ ಅನುಕರಿಸಿ, ಹಳೆಯ ಇಸವಿಯನ್ನೇ ಹಾಕಿ ಎರಡು ರಿಯಾಲ್‌ ನಾಣ್ಯಗಳನ್ನು ಹೊಡೆದರು. ಹಾಗಾಗಿ ಇಸವಿಯೊಂದನ್ನೇ ನಂಬಿ ದುಡ್ಡು ಸುರಿಯಬೇಡಿ. ಮಧ್ಯ ಅಮೆರಿಕದಲ್ಲಿ ಸವೆದ ನಾಣ್ಯಗಳ ಮೇಲೆ ಬೆಟ್ಟಗಳ ಹಿಂದಿನಿಂದ ಮೂಡುವ ಸೂರ್ಯನ ಮರುಮುದ್ರೆ ಒತ್ತಿದ್ದುಂಟು. ಆ ಪುಟ್ಟ ಮುದ್ರೆ ಬಿದ್ದರೆ ಬೆಲೆ ಏರುತ್ತದೆ, ನಕಲಿ ಮಾಡುವ ಆಸೆಯೂ ಹುಟ್ಟುತ್ತದೆ.

ಭೂತಗನ್ನಡಿ ಹಿಡಿದು ನೋಡಿ: ಮರುಮುದ್ರೆಯ ತಗ್ಗಿನಲ್ಲೂ ಹಳೆಯ ಕಪ್ಪು ಕೂತಿದೆಯೇ, ಹಿಂಬದಿ ಕೊಂಚ ಚಪ್ಪಟೆಯಾಗಿದೆಯೇ? ತೂಕ ಮಾಡಿ, ಅದೇ ಬಗೆಯ ಅಸಲಿ ನಾಣ್ಯದ ತೂಕದೊಂದಿಗೆ ಹೋಲಿಸಿ. ಹರಾಜಿನ ಹಳೆಯ ಪಟ್ಟಿಗಳನ್ನು ತಿರುವಿಹಾಕಿ, ರಸೀದಿ ಜೋಪಾನವಾಗಿಡಿ.

ಕೊನೆಯದಾಗಿ, ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಇನ್ನೂರು ವರ್ಷದಲ್ಲಿ ಕೂತ ಕಪ್ಪು ಕೊಳೆಯಲ್ಲ, ಅದರ ಆಯುಷ್ಯದ ಗುರುತು. ಒಮ್ಮೆ ಅಳಿಸಿದರೆ ಮರಳಿ ಬಾರದು.