ರಿಯಾಯಿತಿಯಿಂದ ದಿವಾಳಿಯವರೆಗೆ: ಶ್ರೀಲಂಕಾದ ಬಿಕ್ಕಟ್ಟು ವರ್ತಕರಿಗೆ ಕಲಿಸುವ ಪಾಠ

ಒಂದು ದೇಶದ ಅರ್ಥವ್ಯವಸ್ಥೆ ಒಂದೇ ದಿನದಲ್ಲಿ ಕುಸಿಯುವುದಿಲ್ಲ. ಅನಿರೀಕ್ಷಿತ ಆಘಾತಗಳ ಜೊತೆಗೆ ತಪ್ಪು ನೀತಿಗಳೂ ಕೂಡಿಕೊಂಡಾಗ ಕುಸಿತ ಅನಿವಾರ್ಯವಾಗುತ್ತದೆ. ಸುಮಾರು 2.2 ಕೋಟಿ ಜನಸಂಖ್ಯೆಯ ಶ್ರೀಲಂಕಾ ಇದಕ್ಕೆ ಇತ್ತೀಚಿನ ನಿದರ್ಶನ. 2022ರ ಏಪ್ರಿಲ್ 12ರಂದು ಆ ದೇಶ ವಿದೇಶಿ ಸಾಲದ ಮರುಪಾವತಿಯನ್ನು ಸ್ಥಗಿತಗೊಳಿಸುವುದಾಗಿ ಘೋಷಿಸಿತು. ಸ್ವಾತಂತ್ರ್ಯಾನಂತರ ಹೀಗಾದದ್ದು ಅದೇ ಮೊದಲು. ಈ ಸ್ಥಿತಿಗೆ ದಾರಿ ಮಾಡಿದ ನೀತಿಗಳಲ್ಲಿ ಕೆಲವು, ಜಾರಿಗೆ ಬಂದಾಗ ವ್ಯಾಪಾರಕ್ಕೆ ಅನುಕೂಲಕರವೆಂದೇ ತೋರಿದ್ದವು. ವರ್ತಕರೂ ಸಣ್ಣ ಉದ್ದಿಮೆದಾರರೂ ಈ ಪ್ರಕರಣವನ್ನು ಅಭ್ಯಸಿಸಬೇಕಾದದ್ದು ಈ ಕಾರಣಕ್ಕಾಗಿ.

ಆಘಾತಗಳ ಸರಣಿ

ಇಪ್ಪತ್ತಾರು ವರ್ಷಗಳ ಅಂತರ್ಯುದ್ಧ 2009ರ ಮೇ ತಿಂಗಳಲ್ಲಿ ಮುಗಿದ ಬಳಿಕ ಶ್ರೀಲಂಕಾ ರಸ್ತೆ, ಬಂದರು, ವಿಮಾನ ನಿಲ್ದಾಣಗಳ ನಿರ್ಮಾಣಕ್ಕೆ ವಿದೇಶಿ ಸಾಲವನ್ನು ಧಾರಾಳವಾಗಿ ಬಳಸಿತು. ಡಾಲರ್ ಗಳಿಕೆಗೆ ಸಿದ್ಧ ಉಡುಪು, ಚಹಾ, ಪ್ರವಾಸೋದ್ಯಮ ಹಾಗೂ ಹೊರದೇಶಗಳಲ್ಲಿ ದುಡಿಯುವವರು ಕಳುಹಿಸುವ ಹಣವೇ ಮುಖ್ಯ ಆಧಾರ. ಇಂಧನ, ಔಷಧಿ, ಗೋಧಿ, ಹಾಲಿನ ಪುಡಿಗಳಿಗೆ ಆಮದನ್ನೇ ನೆಚ್ಚಬೇಕಿತ್ತು. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ನಡೆದ ಬಾಂಬ್ ಸ್ಫೋಟಗಳಲ್ಲಿ 250ಕ್ಕೂ ಹೆಚ್ಚು ಜನ ಮೃತಪಟ್ಟರು, ಪ್ರವಾಸೋದ್ಯಮ ನೆಲಕಚ್ಚಿತು. ಅದು ಚೇತರಿಸಿಕೊಳ್ಳುವ ಮೊದಲೇ 2020ರಲ್ಲಿ ಕೋವಿಡ್ ಎರಗಿತು. ಇವು ಯಾವ ಸರ್ಕಾರಕ್ಕೂ ಕಠಿಣ ಪರೀಕ್ಷೆಗಳೇ. ಆದರೆ ಪೆಟ್ಟನ್ನು ವಿಪತ್ತಾಗಿಸಿದ್ದು ಅದೇ ಅವಧಿಯಲ್ಲಿ ಕೈಗೊಂಡ ಮೂರು ನಿರ್ಧಾರಗಳು.

ಮೊದಲನೆಯದು: ತೆರಿಗೆ ಕಡಿತ

2019ರ ನವೆಂಬರಿನಲ್ಲಿ ಗೊಟಬಯ ರಾಜಪಕ್ಸ ಅಧ್ಯಕ್ಷರಾದ ಕೂಡಲೇ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ ಶೇ. 8ಕ್ಕೆ ಇಳಿಸಲಾಯಿತು. ಈ ತೆರಿಗೆಗೆ ನೋಂದಣಿ ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿ 1.2 ಕೋಟಿ ರೂಪಾಯಿಯಿಂದ 30 ಕೋಟಿ ರೂಪಾಯಿಗೆ ಏರಿತು. ಸಾವಿರಾರು ವ್ಯಾಪಾರಿಗಳು ಲೆಕ್ಕಪತ್ರ ಸಲ್ಲಿಕೆಯ ತೊಂದರೆಯಿಂದ ಪಾರಾದರು. ಆದರೆ ಖೋತಾ ಆದ ಆದಾಯವನ್ನು ಎಲ್ಲಿಂದ ಭರಿಸಬೇಕೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ. 2020ರಲ್ಲಿ ತೆರಿಗೆ ಆದಾಯ ಒಟ್ಟು ಉತ್ಪನ್ನದ ಶೇ. 8ರ ಆಸುಪಾಸಿಗೆ ಕುಸಿಯಿತು. ಅಂತರರಾಷ್ಟ್ರೀಯ ಸಂಸ್ಥೆಗಳು ದೇಶದ ಸಾಲಾರ್ಹತೆಯ ದರ್ಜೆಯನ್ನು ಇಳಿಸಿದವು. ಹೊಸ ವಿದೇಶಿ ಸಾಲದ ಬಾಗಿಲು ಮುಚ್ಚಿತು. ಸರ್ಕಾರ ಖರ್ಚಿಗಾಗಿ ಕೇಂದ್ರೀಯ ಬ್ಯಾಂಕು ಮುದ್ರಿಸುವ ಹಣವನ್ನು ಆಶ್ರಯಿಸಿತು.

ಎರಡನೆಯದು: ಕಟ್ಟಿಹಾಕಿದ ರೂಪಾಯಿ

2019ರ ಕೊನೆಗೆ ಸುಮಾರು 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ ಮೀಸಲು ಕರಗುತ್ತಿದ್ದರೂ, 2021ರ ಸೆಪ್ಟೆಂಬರಿನಿಂದ ಡಾಲರಿನ ಬೆಲೆಯನ್ನು ಸುಮಾರು 200 ರೂಪಾಯಿಗೆ ಕಟ್ಟಿಹಾಕಲಾಯಿತು. ಆಮದುದಾರರಿಗೆ ಇದು ಕಾಗದದ ಮೇಲೆ ಲಾಭದಾಯಕ. ವಾಸ್ತವದಲ್ಲಿ ಆ ದರಕ್ಕೆ ಡಾಲರೇ ದೊರೆಯುತ್ತಿರಲಿಲ್ಲ. ಹೊರಗಿನ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ಸಿಗುತ್ತಿದ್ದುದರಿಂದ ವಿದೇಶದಲ್ಲಿದ್ದವರು ಬ್ಯಾಂಕಿನ ಮೂಲಕ ಹಣ ಕಳುಹಿಸುವುದನ್ನು ಕಡಿಮೆ ಮಾಡಿದರು. 2020ರಲ್ಲಿ 710 ಕೋಟಿ ಡಾಲರಿನಷ್ಟಿದ್ದ ಈ ಜಮೆ 2021ರಲ್ಲಿ 550 ಕೋಟಿಗೆ ಇಳಿಯಿತು. ಆಹಾರ ಪದಾರ್ಥ ತುಂಬಿದ ಕಂಟೇನರುಗಳು ಪಾವತಿಯಾಗದೆ ಕೊಲಂಬೊ ಬಂದರಿನಲ್ಲೇ ಉಳಿದವು. 2022ರ ಮಾರ್ಚಿನಲ್ಲಿ ಹಿಡಿತ ಸಡಿಲಿಸಿದಾಗ ರೂಪಾಯಿ ಧುಮುಕಿತು. ಮೇ ಮಧ್ಯದ ವೇಳೆಗೆ ಡಾಲರಿಗೆ ಸುಮಾರು 360 ರೂಪಾಯಿ ತೆರಬೇಕಾಯಿತು. ಬಳಸಬಹುದಾದ ಮೀಸಲು 5 ಕೋಟಿ ಡಾಲರಿಗೂ ಕಡಿಮೆಯೆಂದು ಹಣಕಾಸು ಸಚಿವ ಅಲಿ ಸಬ್ರಿ ಅದೇ ಮೇ ತಿಂಗಳಲ್ಲಿ ಸಂಸತ್ತಿಗೆ ತಿಳಿಸಿದರು.

ಮೂರನೆಯದು: ರಾತ್ರೋರಾತ್ರಿ ಸಾವಯವ

2021ರ ಮೇ ತಿಂಗಳಿನಿಂದ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಲಾಯಿತು. ಸಾವಯವ ಕೃಷಿಯ ಗುರಿ ಒಳ್ಳೆಯದಾಗಿರಬಹುದು. ಪರ್ಯಾಯ ಗೊಬ್ಬರದ ಪೂರೈಕೆಯಾಗಲೀ ರೈತರ ಸಿದ್ಧತೆಯಾಗಲೀ ಇರಲಿಲ್ಲ. ನವೆಂಬರಿನಲ್ಲಿ ನಿಷೇಧ ಹಿಂತೆಗೆದುಕೊಳ್ಳುವಷ್ಟರಲ್ಲಿ ಕಾಲ ಮೀರಿತ್ತು. ನಂತರದ ‘ಮಹಾ’ ಹಂಗಾಮಿನಲ್ಲಿ ಭತ್ತದ ಇಳುವರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಚಹಾ ಉತ್ಪಾದನೆ 2021ರ ಸುಮಾರು 30 ಕೋಟಿ ಕಿಲೋದಿಂದ 2022ರಲ್ಲಿ 25 ಕೋಟಿ ಕಿಲೋಗೆ ಇಳಿಯಿತು. ಗೊಬ್ಬರದ ಡಾಲರ್ ಉಳಿಸಹೊರಟ ದೇಶ ಅಕ್ಕಿಯ ಆಮದಿಗೆ ಡಾಲರ್ ವ್ಯಯಿಸಬೇಕಾಯಿತು; ಚಹಾದಿಂದ ಬರಬೇಕಾದ ಡಾಲರನ್ನೂ ಕಳೆದುಕೊಂಡಿತು. 2021ರ ಆಗಸ್ಟ್ ಕೊನೆಯಲ್ಲಿ ಜಾರಿಗೆ ಬಂದ ತುರ್ತು ನಿಯಮಗಳಡಿ ಅಕ್ಕಿ, ಸಕ್ಕರೆಗಳಿಗೆ ಗರಿಷ್ಠ ಬೆಲೆ ವಿಧಿಸಲಾಯಿತು. ಕೊಳ್ಳುವ ಬೆಲೆಗಿಂತ ಕಡಿಮೆಗೆ ಮಾರಲು ಯಾವ ವರ್ತಕನಿಂದಲೂ ಸಾಧ್ಯವಿಲ್ಲ. ಸರಕು ಅಂಗಡಿಗಳಿಂದ ಮರೆಯಾಯಿತು. ತಿಂಗಳೊಳಗೆ ಅಕ್ಕಿಯ ಬೆಲೆ ನಿಯಂತ್ರಣವನ್ನು ಕೈಬಿಡಬೇಕಾಯಿತು.

ಸಣ್ಣ ಉದ್ದಿಮೆಗೆ ಬಿದ್ದ ಹೊಡೆತ

2022ರ ಮಾರ್ಚ್ ಕೊನೆಯಲ್ಲಿ ವಿದ್ಯುತ್ ಕಡಿತ ದಿನಕ್ಕೆ 13 ಗಂಟೆ ತಲುಪಿತು. ಡೀಸೆಲ್ ಇಲ್ಲದೆ ಜನರೇಟರುಗಳೂ ನಿಂತವು. ಕಾಗದದ ಅಭಾವದಿಂದ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳು ಮುಂದೂಡಲ್ಪಟ್ಟವು. ಜೂನ್ ಕೊನೆಯಲ್ಲಿ ಖಾಸಗಿ ವಾಹನಗಳಿಗೆ ಇಂಧನ ಮಾರಾಟವೇ ನಿಂತಿತು. ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ. 70ರ ಸಮೀಪಕ್ಕೆ ಬಂದಿತು. ಅದನ್ನು ತಡೆಯಲು ಕೇಂದ್ರೀಯ ಬ್ಯಾಂಕು ಏಪ್ರಿಲ್‌ನಲ್ಲೇ ಬಡ್ಡಿದರವನ್ನು ಒಮ್ಮೆಗೆ 7 ಶೇಕಡಾಂಶ ಏರಿಸಿತ್ತು. ವರ್ಷಾಂತ್ಯಕ್ಕೆ ಉತ್ತಮ ಗ್ರಾಹಕರಿಗೂ ಬ್ಯಾಂಕ್ ಸಾಲದ ಬಡ್ಡಿ ಶೇ. 25 ದಾಟಿತು. ದುಡಿಯುವ ಬಂಡವಾಳಕ್ಕೆ ಸಾಲವನ್ನೇ ಅವಲಂಬಿಸಿದ ಸಣ್ಣ ಘಟಕಕ್ಕೆ ಈ ದರದಲ್ಲಿ ಉಳಿಗಾಲವಿಲ್ಲ. ಆ ವರ್ಷ ಅರ್ಥವ್ಯವಸ್ಥೆ ಶೇ. 7ಕ್ಕೂ ಹೆಚ್ಚು ಕುಗ್ಗಿತು. ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟರು.

ಭಾರತ ಆ ವರ್ಷ ಸುಮಾರು 400 ಕೋಟಿ ಡಾಲರಿನ ನೆರವು ನೀಡಿತು. ಸ್ಟೇಟ್ ಬ್ಯಾಂಕ್ ಮೂಲಕ ಒದಗಿಸಿದ 100 ಕೋಟಿ ಡಾಲರಿನ ಸಾಲದಡಿ ಆಹಾರ, ಔಷಧಿ ಹಾಗೂ ಕೈಗಾರಿಕಾ ಕಚ್ಚಾ ಮಾಲು ಭಾರತದಿಂದ ರವಾನೆಯಾದವು. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರಿನ ನೆರವಿಗೆ ಒಪ್ಪಿತು.

ಕಲಿಯಬೇಕಾದ ಪಾಠಗಳು

ಮೊದಲನೆಯದಾಗಿ, ಭರಿಸುವ ದಾರಿಯಿಲ್ಲದ ರಿಯಾಯಿತಿ ಸಾಲಕ್ಕೆ ಸಮಾನ. ಶೇ. 8ಕ್ಕೆ ಇಳಿದ ತೆರಿಗೆ 2022ರಲ್ಲಿ ಶೇ. 12ಕ್ಕೂ ಬಳಿಕ ಶೇ. 15ಕ್ಕೂ ಏರಿ, 2024ರ ಜನವರಿಯಲ್ಲಿ ಶೇ. 18 ಆಯಿತು. ನೋಂದಣಿಯ ಮಿತಿಯೂ 6 ಕೋಟಿ ರೂಪಾಯಿಗೆ ಇಳಿಯಿತು. ಪಡೆದದ್ದನ್ನು ವರ್ತಕರು ಬಡ್ಡಿಸಹಿತ ಹಿಂದಿರುಗಿಸಿದಂತಾಯಿತು.

ಎರಡನೆಯದಾಗಿ, ಒಂದೇ ವಸ್ತುವಿಗೆ ಎರಡು ಬೆಲೆ ಹುಟ್ಟಿದಾಗ ಎಚ್ಚರಗೊಳ್ಳಬೇಕು. ಅಧಿಕೃತ ದರಕ್ಕೂ ಹೊರಗಿನ ದರಕ್ಕೂ ಅಂತರ ಹಿಗ್ಗುವುದು, ಬ್ಯಾಂಕುಗಳು ಲೆಟರ್ ಆಫ್ ಕ್ರೆಡಿಟ್ ತೆರೆಯಲು ತಡಮಾಡುವುದು, ಸಾಲಾರ್ಹತೆಯ ದರ್ಜೆ ಇಳಿಯುವುದು, ಇವು ದಿವಾಳಿಗೆ ತಿಂಗಳುಗಳ ಮೊದಲೇ ಕಾಣುವ ಲಕ್ಷಣಗಳು. ಅಂಥ ದೇಶದೊಡನೆ ವ್ಯವಹರಿಸುವವರು ಉದ್ದರಿ ಮಿತಿಯನ್ನು ತಗ್ಗಿಸಿ, ಮುಂಗಡ ಅಥವಾ ಮತ್ತೊಂದು ಬ್ಯಾಂಕಿನ ದೃಢೀಕರಣವುಳ್ಳ ಲೆಟರ್ ಆಫ್ ಕ್ರೆಡಿಟ್ ಪಡೆದು, ರಫ್ತು ಸಾಲ ವಿಮೆಯನ್ನು ಮಾಡಿಸುವುದು ಲೇಸು.

ಮೂರನೆಯದಾಗಿ, ಕಚ್ಚಾ ಮಾಲಿಗೆ ಒಂದೇ ಮೂಲವನ್ನು ನೆಚ್ಚಿದ ಘಟಕ ಮೊದಲು ನಿಲ್ಲುತ್ತದೆ. ಎರಡನೆಯ ಪೂರೈಕೆದಾರನನ್ನು ಹುಡುಕಲು ಸಕಾಲವೆಂದರೆ ಮೊದಲನೆಯವನು ಸರಿಯಾಗಿ ಪೂರೈಸುತ್ತಿರುವ ಕಾಲವೇ.

ಕೊನೆಯದಾಗಿ, ವಾಣಿಜ್ಯ ಸಂಸ್ಥೆಗಳ ಹೊಣೆ. ಗೊಬ್ಬರ ನಿಷೇಧದಂತಹ ನಿರ್ಧಾರಗಳು ಬಳಕೆದಾರರನ್ನು ಕೇಳದೆ, ಹಂತಗಳಿಲ್ಲದೆ ಬಂದಾಗ ಹಾನಿ ಮಾಡುತ್ತವೆ. ಹೊರೆ ಬಿದ್ದಾಗ ಮನವಿ ಸಲ್ಲಿಸುವುದು ಎಲ್ಲ ಸಂಘಗಳ ರೂಢಿ. ರಿಯಾಯಿತಿ ದೊರೆತಾಗಲೂ ಅದರ ವೆಚ್ಚವನ್ನು ಯಾರು ಭರಿಸುವರೆಂದು ಕೇಳುವ ಸಂಘವೇ ತನ್ನ ಸದಸ್ಯರ ದೀರ್ಘಕಾಲದ ಹಿತವನ್ನು ಕಾಯಬಲ್ಲುದು.