ಸದ್ದು ಬಾರದ ಆಂಪ್ಲಿಫೈಯರ್: ಭಾಗ ಬದಲಿಸುವ ಮುನ್ನ ಅಳೆದು ನೋಡೋಣ



ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಕಟ್ಟುವುದು ಒಂದೇ ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್. ಖರ್ಚು ಕಡಿಮೆ, ಭಾಗಗಳೂ ಹತ್ತರೊಳಗೆ. ಆದರೂ ಸದ್ದು ಬರಲಿಲ್ಲವೆಂದರೆ ಹಲವರು ಕೂಡಲೇ ಟ್ರಾನ್ಸಿಸ್ಟರ್ ಸುಟ್ಟಿದೆ ಎಂದು ಅಂಗಡಿಗೆ ಓಡುತ್ತಾರೆ. ಹೊಸದು ಹಾಕಿದರೂ ಅದೇ ಕಥೆ. ಕೊನೆಗೆ "ಇದು ನಮ್ಮ ಕೈಲಾಗೋ ಕೆಲಸ ಅಲ್ಲ" ಅಂತ ಎಲ್ಲವನ್ನೂ ಮೂಲೆಗೆ ಹಾಕುತ್ತಾರೆ. ಟ್ರಾನ್ಸಿಸ್ಟರಿನ ಬೆಲೆ ಕೆಲವೇ ರೂಪಾಯಿ. ಕಳೆದುಹೋದ ಧೈರ್ಯವನ್ನು ಮರಳಿ ತರುವುದು ಅಷ್ಟು ಸುಲಭವಲ್ಲ. ಆದ್ದರಿಂದ ದೋಷ ಹುಡುಕುವ ಕ್ರಮವನ್ನು ಈ ಪಾಠದಲ್ಲಿ ನೋಡೋಣ.

ನಮ್ಮ ಸರ್ಕ್ಯೂಟ್

9 ವೋಲ್ಟ್ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್. ಬ್ಯಾಟರಿಯ ಪ್ಲಸ್‌ನಿಂದ ಬೇಸ್‌ಗೆ 47 ಕಿಲೋ ಓಮ್ ರೆಸಿಸ್ಟರ್, ಬೇಸ್‌ನಿಂದ ಮೈನಸ್‌ಗೆ 10 ಕಿಲೋ ಓಮ್. ಪ್ಲಸ್‌ನಿಂದ ಕಲೆಕ್ಟರ್‌ಗೆ 4.7 ಕಿಲೋ ಓಮ್, ಎಮಿಟರ್‌ನಿಂದ ಮೈನಸ್‌ಗೆ 1 ಕಿಲೋ ಓಮ್. ಈ ಎಮಿಟರ್ ರೆಸಿಸ್ಟರಿಗೆ ಜೋಡಿಯಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಸದ್ದು ಬೇಸ್‌ಗೆ ಬರುವ ದಾರಿಯಲ್ಲೊಂದು, ಕಲೆಕ್ಟರ್‌ನಿಂದ ಹೊರಹೋಗುವ ದಾರಿಯಲ್ಲೊಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್.

1. ಮೊದಲು ಕಣ್ಣಿನಿಂದ ನೋಡಿ

ಬಿಸಿ 547ರ ಚಪ್ಪಟೆ ಮುಖ ನಮ್ಮ ಕಡೆಗೂ ಕಾಲುಗಳು ಕೆಳಕ್ಕೂ ಇದ್ದಾಗ, ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್ 3904ರಲ್ಲಿ ಇದು ಉಲ್ಟಾ: ಎಮಿಟರ್, ಬೇಸ್, ಕಲೆಕ್ಟರ್. ಅಂಗಡಿಯವರು ಒಂದರ ಬದಲು ಇನ್ನೊಂದು ಕೊಟ್ಟಿದ್ದರೆ ಕಾಲುಗಳನ್ನೂ ಬದಲಿಸಿ ಹಾಕಬೇಕು.

ರೆಸಿಸ್ಟರಿನ ಬಣ್ಣಗಳನ್ನು ಹಗಲು ಬೆಳಕಿನಲ್ಲಿ ಓದಿ. ಹಳದಿ, ನೇರಳೆ, ಕೆಂಪು ಎಂದರೆ 4.7 ಕಿಲೋ ಓಮ್. ಹಳದಿ, ನೇರಳೆ, ಕಿತ್ತಳೆ ಎಂದರೆ 47 ಕಿಲೋ ಓಮ್. ಕೆಂಪು, ಕಿತ್ತಳೆ ಗೊಂದಲದಲ್ಲಿ ಇವೆರಡೂ ಅದಲುಬದಲಾಗುವುದು ಬಹಳ ಸಾಮಾನ್ಯ.

ಕೆಪಾಸಿಟರುಗಳ ಪ್ಲಸ್ ಕಾಲು ಎಲ್ಲಿದೆ ನೋಡಿ. ಬರುವ ದಾರಿಯದ್ದು ಬೇಸ್ ಕಡೆಗೆ, ಹೋಗುವ ದಾರಿಯದ್ದು ಕಲೆಕ್ಟರ್ ಕಡೆಗೆ, 100 ಮೈಕ್ರೋಫ್ಯಾರಡಿನದ್ದು ಎಮಿಟರ್ ಕಡೆಗೆ ಇರಬೇಕು. ಬ್ರೆಡ್‌ಬೋರ್ಡಿನಲ್ಲಿ ಕಟ್ಟಿದ್ದರೆ ಅಂಚಿನ ಉದ್ದ ಸಾಲುಗಳು ನಡುವೆ ತುಂಡಾಗಿವೆಯೇ ಎಂದು ಪರೀಕ್ಷಿಸಿ. ಕೆಲವು ಬೋರ್ಡುಗಳಲ್ಲಿ ಹಾಗಿರುತ್ತದೆ.

2. ನಾಲ್ಕು ಕಡೆ ಅಳೆಯಿರಿ

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕಪ್ಪು ವೈರನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದು, ಕೆಂಪು ವೈರಿನಿಂದ ಒಂದೊಂದೇ ಜಾಗ ಮುಟ್ಟಿ. ಸರಿಯಾದ ಸರ್ಕ್ಯೂಟಿನಲ್ಲಿ ಸುಮಾರು ಹೀಗೆ ಸಿಗಬೇಕು:

ಬ್ಯಾಟರಿ – 9 ವೋಲ್ಟ್
ಬೇಸ್ – 1.5 ವೋಲ್ಟ್
ಎಮಿಟರ್ – 0.9 ವೋಲ್ಟ್
ಕಲೆಕ್ಟರ್ – 4.5ರಿಂದ 5 ವೋಲ್ಟ್

ಬೇಸ್‌ಗಿಂತ ಎಮಿಟರ್ 0.6ರಿಂದ 0.7 ವೋಲ್ಟ್ ಕಡಿಮೆ ಇರಲೇಬೇಕು. ಇದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

3. ಅಳತೆ ಏನು ಹೇಳುತ್ತದೆ?

ಸರ್ಕ್ಯೂಟಿಗೆ ಜೋಡಿಸಿದ ಕೂಡಲೇ ಬ್ಯಾಟರಿಯ ವೋಲ್ಟೇಜ್ ಕುಸಿದರೆ, ಎಲ್ಲೋ ಶಾರ್ಟ್ ಆಗಿದೆ ಅಥವಾ ಬ್ಯಾಟರಿ ಮುಗಿದಿದೆ.

ಬೇಸ್ 0, ಕಲೆಕ್ಟರ್ 9 ಇದ್ದರೆ, 47 ಕಿಲೋ ಓಮ್ ರೆಸಿಸ್ಟರ್ ಸರಿಯಾಗಿ ಕೂತಿಲ್ಲ, ಅಥವಾ ಬೇಸ್ ಮೈನಸ್‌ಗೆ ತಾಗುತ್ತಿದೆ.

ಬೇಸ್ 1.5 ಇದೆ, ಎಮಿಟರ್ 0, ಕಲೆಕ್ಟರ್ 9 ಎಂದಾದರೆ, ಟ್ರಾನ್ಸಿಸ್ಟರಿನ ಕಾಲಿನ ಬೆಸುಗೆ ಹಿಡಿದಿಲ್ಲ ಅಥವಾ ಟ್ರಾನ್ಸಿಸ್ಟರ್ ಒಳಗೆ ಕೆಟ್ಟಿದೆ. ಅದನ್ನು ಈಗ ಹೊರತೆಗೆದು ಮೀಟರಿನ ಡಯೋಡ್ ಗುರುತಿನಲ್ಲಿ ನೋಡಿ. ಕೆಂಪು ವೈರ್ ಬೇಸ್‌ಗಿಟ್ಟು ಕಪ್ಪನ್ನು ಉಳಿದೆರಡು ಕಾಲಿಗೆ ಒಂದೊಂದಾಗಿ ಮುಟ್ಟಿಸಿದರೆ 0.6–0.7 ತೋರಿಸಬೇಕು. ವೈರ್ ತಿರುಗಿಸಿದರೆ ಏನೂ ತೋರಿಸಬಾರದು. ಹಾಗಿದ್ದರೆ ಟ್ರಾನ್ಸಿಸ್ಟರ್ ಚೆನ್ನಾಗಿದೆ, ಬೆಸುಗೆಯನ್ನೇ ಸರಿಮಾಡಿ.

ಕಲೆಕ್ಟರ್ ಮತ್ತು ಎಮಿಟರ್ ಎರಡೂ ಒಂದೂವರೆ ವೋಲ್ಟಿನ ಆಸುಪಾಸು ಹತ್ತಿರ ಹತ್ತಿರ ಇದ್ದರೆ, ಬೇಸ್‌ಗೆ ಕರೆಂಟ್ ವಿಪರೀತ ಹರಿಯುತ್ತಿದೆ. 10 ಕಿಲೋ ಓಮ್ ಬಿಟ್ಟುಹೋಗಿದೆ, ಇಲ್ಲವೇ ಮೇಲೆ ಹೇಳಿದಂತೆ 47 ಮತ್ತು 4.7 ಅದಲುಬದಲಾಗಿವೆ.

4. ಅಳತೆ ಸರಿ, ಸದ್ದು ಮಾತ್ರ ಇಲ್ಲ

ಇಲ್ಲಿ ಹೆಚ್ಚಿನ ಸಲ ಕಾರಣ ಸ್ಪೀಕರ್. 8 ಓಮ್ ಸ್ಪೀಕರನ್ನು ಈ ಸರ್ಕ್ಯೂಟ್ ಓಡಿಸಲಾರದು. ದೊಡ್ಡ ಬಂಡಿಗೆ ಎಳೆಗರು ಕಟ್ಟಿದ ಹಾಗಾಗುತ್ತದೆ. ಒಳಗೇ ಆಂಪ್ಲಿಫೈಯರ್ ಇರುವ ಕಂಪ್ಯೂಟರ್ ಸ್ಪೀಕರಿಗೆ ಜೋಡಿಸಿ, ವಾಲ್ಯೂಮ್ ಕಡಿಮೆ ಇಟ್ಟು ಕೇಳಿ. ಬರುವ ದಾರಿಯ ವೈರಿನ ತುದಿಗೆ ಬೆರಳು ಮುಟ್ಟಿಸಿದಾಗ ಗುಂಯ್ ಅಂದರೆ ಸರ್ಕ್ಯೂಟ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅದು ಮನೆಯ ಕರೆಂಟಿನ 50 ಹರ್ಟ್ಸ್ ಸದ್ದು. ಬೆರಳು ತೆಗೆದು ಮೈಕ್ ಜೋಡಿಸಿದ ಮೇಲೂ ಗುಂಯ್‌ಗುಟ್ಟಿದರೆ ಮೈಕಿನ ಮೈನಸ್ ವೈರ್ ಬಿಟ್ಟಿರಬಹುದು. ಶೀಲ್ಡ್ ವೈರ್ ಬಳಸಿ, ಗಿಡ್ಡವಾಗಿಡಿ.

5. ಸದ್ದು ಒಡೆದು ಬಂದರೆ

100 ಮೈಕ್ರೋಫ್ಯಾರಡ್ ಇರುವಾಗ ಈ ಸರ್ಕ್ಯೂಟ್ ಸದ್ದನ್ನು ನೂರು ಪಟ್ಟಿಗೂ ಮೀರಿ ಹೆಚ್ಚಿಸಬಲ್ಲದು. ಮೈಕಿನ ಸಣ್ಣ ಸಿಗ್ನಲ್‌ಗೆ ಅದು ಬೇಕು. ಮೊಬೈಲಿನ ಹಾಡಿಗೆ ಅದು ಅತಿಯಾಯಿತು. ಆ ಕೆಪಾಸಿಟರ್ ತೆಗೆದುಬಿಡಿ. ಹೆಚ್ಚಳ ಐದು ಪಟ್ಟಿನೊಳಗೆ ಇಳಿದು ಹಾಡು ಸ್ವಚ್ಛವಾಗಿ ಕೇಳುತ್ತದೆ.

ಕೊನೆಯದಾಗಿ ಒಂದು ಮಾತು. ಪ್ರತಿ ಅಳತೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಮ್ಮೆಗೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ. ಎರಡು ಮೂರು ಭಾಗ ಒಟ್ಟಿಗೆ ಬದಲಿಸಿದರೆ, ಸದ್ದು ಬಂದರೂ ಕಾರಣ ತಿಳಿಯುವುದಿಲ್ಲ. ಹೀಗೆ ಕಾರಣ ಹುಡುಕಲು ಕಲಿತವರು ನಾಳೆ ರೇಡಿಯೋ, ಇನ್ವರ್ಟರ್ ಯಾವುದನ್ನೇ ಬಿಚ್ಚಿದರೂ ಹೆದರಬೇಕಿಲ್ಲ.